ನಾಯಿ ಚಿತ್ರ, ಉಣ್ಣೆ ನಾಯಿ ಮಾಡಿ ಮಾರುವವರಿಗೆ: ಕರಿ ನಾಯಿ ಇದ್ದಿಲಾಗದಂತೆ, ಬೆಲೆ ಕೈ ಕಚ್ಚದಂತೆ

ಕುಂಚಪೆಟ್ಟಿಗೆ
ಬೆಂಗಳೂರಿನ ಜನವರಿಯ ಚಿತ್ರಸಂತೆಗೆ ಬರೀ ನಾಯಿಗಳದ್ದೇ ಒಂದು ಸ್ಟಾಲು ಹಾಕುವ ಲೆಕ್ಕ. ಸರಕು ಮೂರು ಬಗೆ: ಫೋಟೊ ನೋಡಿ ಬರೆದುಕೊಡುವ ಜಲವರ್ಣದ ಭಾವಚಿತ್ರ, ಮುಧೋಳ ನಾಯಿಯ ಲಿನೊ ಅಚ್ಚು (ಲಿನೋಲಿಯಂ ಹಾಳೆಯಲ್ಲಿ ಕೆತ್ತಿ, ಮಸಿ ಹಚ್ಚಿ ಒತ್ತುವುದು), ಸೂಜಿಯಿಂದ ಚುಚ್ಚಿ ಮಾಡುವ ಉಣ್ಣೆಯ ಪುಟ್ಟ ನಾಯಿ. ತೊಡಕು ನಾಲ್ಕು. ಕರಿ ಲ್ಯಾಬ್ರಡಾರ್ ಬರೆದರೆ ಇದ್ದಿಲುಂಡೆಯ ಹಾಗೆ ಕಾಣುತ್ತದೆ. ಉಣ್ಣೆ ನಾಯಿಯ ಕಾಲು ವಾರದೊಳಗೆ ಸೊಟ್ಟಗಾಗುತ್ತದೆ. ಎ4 ಚಿತ್ರಕ್ಕೆ 1,200 ರೂಪಾಯಿ ಅಂದರೆ ಗಿರಾಕಿ ತಕ್ಷಣ ಒಪ್ಪುತ್ತಾರೆ, ಕೈಯಲ್ಲಿ ಮಾತ್ರ ಏನೂ ಉಳಿಯುವುದಿಲ್ಲ. ಕೊನೆಯದು, ಗಿರಾಕಿ ಆ ಚಿತ್ರವನ್ನು ಟೀ ಶರ್ಟಿನ ಮೇಲೆ ಹಾಕಿಸಿ ಮಾರಿದರೆ ಕೇಳುವ ಹಕ್ಕು ಯಾರದು? ಅಳತೆ, ಪ್ರಮಾಣ, ಕಾರಣ ಸಮೇತ ಹೇಳಿದರೆ ಉಪಕಾರ.

ನೀರುಬಣ್ಣ
ಕರಿ ನಾಯಿ ಕೆಡುವುದು ಬಣ್ಣದಲ್ಲಲ್ಲ, ಫೋಟೊದಲ್ಲಿ. ಅಲ್ಲಿಂದ ಶುರು ಮಾಡೋಣ.

ಮೊಬೈಲಿನ ಮಾಮೂಲಿ ಕ್ಯಾಮೆರಾ ಅಗಲ ನೋಟದ್ದು. ಒಂದಡಿ ದೂರದಿಂದ ತೆಗೆದರೆ ಮೂಗು ಬದನೆಕಾಯಿಯಷ್ಟಾಗಿ ಕಿವಿ ಹಿಂದಕ್ಕೆ ಸರಿದುಬಿಡುತ್ತದೆ. ಅದನ್ನು ಹಾಗೇ ಬರೆದರೆ ಮನೆಯವರು "ಚೆನ್ನಾಗಿದೆ, ಆದರೆ ನಮ್ಮ ನಾಯಿ ಥರ ಇಲ್ಲ" ಅನ್ನುತ್ತಾರೆ, ಯಾಕೆ ಅಂತ ಅವರಿಗೂ ಹೇಳಲು ಬರುವುದಿಲ್ಲ. ಗಿರಾಕಿಗೆ ಕಳಿಸುವ ಸೂಚನೆಯಲ್ಲಿ ಇಷ್ಟಿರಲಿ: ಒಂದೂವರೆ–ಎರಡು ಮೀಟರ್ ದೂರ ನಿಂತು 2ಎಕ್ಸ್ ಜೂಮ್ ಮಾಡಿ; ನೆಲಕ್ಕೆ ಕೂತು ನಾಯಿಯ ಕಣ್ಣಿನ ಮಟ್ಟಕ್ಕೆ ಫೋನ್ ಹಿಡಿಯಿರಿ; ಫ್ಲ್ಯಾಶ್ ಬೇಡ; ಕಿಟಕಿಯ ಬೆಳಕು ಒಂದು ಪಕ್ಕದಿಂದ ಬೀಳಲಿ; ವಾಟ್ಸಾಪಿನಲ್ಲಿ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಫ್ಲ್ಯಾಶ್ ಬಿದ್ದರೆ ಕಣ್ಣಿನ ಹಿಂಪದರ ಹಸಿರಾಗಿ ಮಿನುಗುತ್ತದೆ, ಕರಿ ಮೈಯ ಮೇಲಿನ ಹೊಳಪೆಲ್ಲ ಚಪ್ಪಟೆಯಾಗುತ್ತದೆ. ಬರೀ ಮುಖವೇ ಅಡ್ಡಕ್ಕೆ 1,000 ಪಿಕ್ಸೆಲ್ ಇಲ್ಲದಿದ್ದರೆ ಆರ್ಡರು ಹಿಡಿಯಬೇಡಿ.

ತೀರಿಹೋದ ನಾಯಿಯಾದರೆ ಹೊಸ ಫೋಟೊ ಸಿಗುವ ಮಾತೇ ಇಲ್ಲ. ಮೂರು ನಾಲ್ಕು ಹಳೆಯದನ್ನು ತರಿಸಿಕೊಂಡು ಭಂಗಿಗೆ ಒಂದು, ಬಣ್ಣಕ್ಕೆ ಒಂದು, ಕಣ್ಣಿಗೆ ಒಂದು ಅಂತ ಬಳಸಿ. ಆದರೆ ಬೆಳಕು ಬರುವ ದಿಕ್ಕು ಒಂದೇ ಫೋಟೊದ್ದಾಗಿರಲಿ.

ಇನ್ನು ಬಣ್ಣ. ಟ್ಯೂಬಿನ ಕಪ್ಪು ಬೇಡ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನ ಬೆರೆಸಿದರೆ ಗಾಢ ಕಪ್ಪು ಬರುತ್ತದೆ. ನೀಲಿ ಹೆಚ್ಚಾದರೆ ತಣ್ಣನೆಯ ಕಪ್ಪು, ಸಿಯೆನ್ನ ಹೆಚ್ಚಾದರೆ ಬೆಚ್ಚನೆಯದು. ಕರಿ ಕೂದಲು ಆಕಾಶವನ್ನು ಪ್ರತಿಫಲಿಸುತ್ತದೆ. ಹಾಗಾಗಿ ತಲೆಯ ಮೇಲ್ಭಾಗ, ಬೆನ್ನು, ಮೂತಿಯ ಮೇಲ್ಮೈ ನೀಲಿಗೆ ತಿರುಗಿರುತ್ತವೆ; ಗದ್ದದ ಕೆಳಗೆ, ಎದೆಯ ಅಡಿ ನೆಲದ ಬಣ್ಣ ಹಿಡಿದು ಕಂದಾಗಿರುತ್ತವೆ.

ಮೂರು ಸುತ್ತು. ಮೊದಲನೆಯದು ತೆಳು ನೀಲಿಬೂದು. ಅತಿ ಹೊಳೆಯುವ ಜಾಗದಲ್ಲಿ ಕಾಗದದ ಬಿಳಿಯನ್ನೇ ಬಿಡಬೇಕು. ಪೂರ್ತಿ ಒಣಗಿದ ಮೇಲೆ ಎರಡನೆಯದು ನಡುಗಪ್ಪು, ಹೊಳಪಿನ ಅಂಚನ್ನು ಒದ್ದೆ ಕುಂಚದಿಂದ ಮೆತ್ತಗೆ ಮಾಡುತ್ತಾ. ಮೂರನೆಯದು ಅತಿ ಕಪ್ಪು, ಅದು ನಾಲ್ಕೇ ಕಡೆ: ಮೂಗಿನ ಹೊಳ್ಳೆ, ಕಣ್ಣಿನ ಪಾಪೆ, ಕಿವಿಯ ಅಡಿ, ಬಾಯಿಯ ಮೂಲೆ. ಮೈಯೆಲ್ಲ ಅಷ್ಟೇ ಕಪ್ಪು ಬಳಿದರೆ ಕಣ್ಣು ಎಲ್ಲಿ ಅಂತ ಹುಡುಕಬೇಕಾಗುತ್ತದೆ. ನಿಮ್ಮ ಇದ್ದಿಲುಂಡೆಯ ಗುಟ್ಟು ಇದೇ. ಜಲವರ್ಣ ಒಣಗಿದಾಗ ತಿಳಿಯಾಗುವುದರಿಂದ ಒದ್ದೆಯಲ್ಲಿ "ಸ್ವಲ್ಪ ಜಾಸ್ತಿಯಾಯಿತೇನೋ" ಅನ್ನಿಸುವಷ್ಟು ಗಾಢ ಇರಲಿ.

ಒಂದು ಎಚ್ಚರಿಕೆ. ಅಲ್ಟ್ರಾಮರೀನ್ ಕಾಗದದ ಗುಳಿಯಲ್ಲಿ ಕಾಳುಕಾಳಾಗಿ ಕೂರುತ್ತದೆ. ಜೊಂಪೆ ಕೂದಲಿನ ನಾಯಿಗೆ ಅದು ಚೆಂದ, ಲ್ಯಾಬ್ರಡಾರ್, ಡಾಬರ್‌ಮನ್ ಥರದ ನಯ ಮೈಗೆ ಕೊಳೆ ಕೂತ ಹಾಗೆ. ಅಂಥದ್ದಕ್ಕೆ ಇಂಡಾಂತ್ರೋನ್ ನೀಲಿ ತೆಗೆದುಕೊಳ್ಳಿ, ಸಮವಾಗಿ ಹರಡುತ್ತದೆ.

ಅಚ್ಚುಮೊಳೆ
ಟ್ಯೂಬಿನ ಕಪ್ಪನ್ನು ಪೂರ್ತಿ ಓಡಿಸಬೇಕಿಲ್ಲ. ಪೋಸ್ಟ್‌ಕಾರ್ಡ್ ಗಾತ್ರದಲ್ಲಿ ಹೊಳ್ಳೆ, ಪಾಪೆಗೆ ಒಂದು ಚುಕ್ಕೆ ಕಪ್ಪು ಇಟ್ಟರೆ ಕೆಲಸ ಬೇಗ ಮುಗಿಯುತ್ತದೆ, ಯಾರಿಗೂ ವ್ಯತ್ಯಾಸ ಕಾಣುವುದಿಲ್ಲ. ಮೈಗೆ ಬಳಿಯಬಾರದು ಅನ್ನುವುದನ್ನು ಒಪ್ಪುತ್ತೇನೆ.

ಅದಕ್ಕಿಂತ ಮುಖ್ಯ, ಬಣ್ಣದ ಬಾಳಿಕೆ. ನಾಲಿಗೆಗೆ ಅಂತ ಒಪೆರಾ ಗುಲಾಬಿ ಅಥವಾ ಹಳೆಯ ಅಲಿಝರಿನ್ ಕ್ರಿಮ್ಸನ್ ಹಾಕುತ್ತಾರೆ. ಎರಡೂ ಬೆಳಕಿಗೆ ಮಾಸುತ್ತವೆ. ಬಿಸಿಲು ಬೀಳುವ ಹಜಾರದಲ್ಲಿ ತೂಗುಹಾಕಿದರೆ ನಾಲಿಗೆ ಬೂದಾಗುತ್ತದೆ. ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿ ವರ್ಣದ್ರವ್ಯದ ಸಂಖ್ಯೆ ಇರುತ್ತದೆ. ಪಿಆರ್ 83 ಇದ್ದರೆ ಬಿಡಿ, ಪಿವಿ 19 ಇರುವ ಕ್ವಿನಾಕ್ರಿಡೋನ್ ಗುಲಾಬಿ ಹಿಡಿಯಿರಿ. ದುಡ್ಡು ಕೊಟ್ಟು ಕೊಂಡ ಚಿತ್ರ ಮಾಸಬಾರದು.

ನೀರುಬಣ್ಣ
ಸರಿ, ಪೋಸ್ಟ್‌ಕಾರ್ಡಿಗೆ ಒಪ್ಪಿದೆ.

ಕಣ್ಣಿನ ಬಗ್ಗೆ ಒಂದು ಮಾತು ಬಿಟ್ಟಿದ್ದೆ. ನಾಯಿಯ ಕಣ್ಣಿನಲ್ಲಿ ಬಿಳಿಗುಡ್ಡೆ ಹೆಚ್ಚು ಕಾಣುವುದಿಲ್ಲ. ಮನುಷ್ಯರ ಕಣ್ಣಿನ ಹಾಗೆ ಬಿಳಿ ಬಿಟ್ಟರೆ ಹೆದರಿದ ನಾಯಿಯಾಗುತ್ತದೆ. ಮೇಲ್ರೆಪ್ಪೆಯ ನೆರಳು ಕಣ್ಣಿನ ಮೇಲಿನ ಮೂರನೇ ಒಂದು ಭಾಗದ ಮೇಲೆ ಬೀಳಬೇಕು. ಹೊಳಪಿನ ಚುಕ್ಕೆ ಎರಡೂ ಕಣ್ಣಿನಲ್ಲಿ ಒಂದೇ ದಿಕ್ಕಿಗಿರಲಿ, ಅದರ ಎದುರು ಬದಿಯ ಕೆಳಗೆ ಪಾಪೆಯ ಸುತ್ತಲಿನ ಕಂದು ಸ್ವಲ್ಪ ತಿಳಿಯಾಗಲಿ. ಗಾಜಿನ ಗೋಲಿಯೊಳಗೆ ಬೆಳಕು ಹಾದು ಆಚೆ ಬದಿ ಬೆಳಗುತ್ತದಲ್ಲ, ಅದೇ ರೀತಿ.

ಕೂದಲನ್ನು ಒಂದೊಂದಾಗಿ ಎಳೆಯುವುದು ಕೊನೆಯ ಕೆಲಸ. ದಿಕ್ಕು ನೆನಪಿಡಿ: ಮೂಗಿನಿಂದ ಹಣೆಯ ಕಡೆಗೆ ಮೇಲಕ್ಕೆ, ಕೆನ್ನೆಯಲ್ಲಿ ಹಿಂದಕ್ಕೆ, ಕತ್ತಿನಲ್ಲಿ ಕೆಳಕ್ಕೆ, ಎದೆಯ ನಡುವೆ ಸುಳಿ. ಮೀಸೆಗೆ ಮಾಸ್ಕಿಂಗ್ ದ್ರವ (ಬಣ್ಣ ತಾಗದಂತೆ ಮೊದಲೇ ಹಚ್ಚುವ ಅಂಟು) ಬೇಡ, ಗೆರೆ ಹಗ್ಗದಷ್ಟು ದಪ್ಪ ಬರುತ್ತದೆ. ಕೊನೆಗೆ ಬಿಳಿ ಗ್ವಾಶ್‌ನಿಂದ, ಅಂದರೆ ಅಡಿಯದು ಕಾಣದಂತೆ ಮುಚ್ಚುವ ನೀರಿನ ಬಣ್ಣದಿಂದ, ಉದ್ದ ಕೂದಲಿನ ಸಣ್ಣ ರಿಗ್ಗರ್ ಕುಂಚದಲ್ಲಿ ಒಂದೇ ಬೀಸಿಗೆ ಎಳೆಯಿರಿ, ಕೈ ನಡುಗುತ್ತಿದ್ದರೆ ಉಸಿರು ಬಿಡುತ್ತಾ ಎಳೆಯಿರಿ.

ಬೀದಿಯಿಂದ ತಂದು ಸಾಕಿದ ನಾಯಿಗಳ ಕಿವಿಯ ತುದಿಯಲ್ಲಿ ಕಚ್ಚು ಇದ್ದರೆ ಅದನ್ನು ತಿದ್ದಿ ಪೂರ್ತಿ ಮಾಡಬೇಡಿ. ಸಂತಾನಹರಣ ಚಿಕಿತ್ಸೆ ಆದದ್ದಕ್ಕೆ ಮಾಡುವ ಗುರುತು ಅದು. ಮನೆಯವರು ಚಿತ್ರದಲ್ಲಿ ಮೊದಲು ಹುಡುಕುವುದು ಅದನ್ನೇ.

ಬಾಗಲಕೋಟಿ_ಮಂದಿ
ಮುಧೋಳ ನಾಯಿ ಲಿನೊ ಮಾಡ್ತೀನಿ ಅಂದ್ರಿ, ಅದಕ್ಕ ಎರಡು ಮಾತು. ಮಂದಿ ಮುಧೋಳ ಅಂತ ಹೆಸರ ಬರದು ಗ್ರೇಹೌಂಡ್ ಕೆತ್ತಿರ್ತಾರ. ಮೊದಲ ಕಿವಿ ನೋಡ್ರಿ. ಗ್ರೇಹೌಂಡ್ ಕಿವಿ ಹಿಂದಕ್ಕ ಮಡಚಿಕೊಂಡಿರ್ತಾವ. ನಮ್ಮ ನಾಯಿದು ತ್ರಿಕೋನಾಕಾರ, ತಲಿಗೆ ಹತ್ತಿ ಕೆಳಗ ಜೋತುಬಿದ್ದಿರ್ತಾವ. ತಲಿ ಉದ್ದ, ಸಣ್ಣ; ಕಣ್ಣು ದೊಡ್ಡು, ಅಂಡಾಕಾರ. ಎದಿ ಆಳ, ಹೊಟ್ಟಿ ಒಳಗ ಎಳಕೊಂಡಿರ್ತದ. ಗಂಡು 68ರಿಂದ 72 ಸೆಂಟಿಮೀಟರ್ ಎತ್ತರ, ಹೆಣ್ಣು 64ರಿಂದ 68. ಕೂದಲಾ ಗಿಡ್ಡ. ಕಿವಿ ಮತ್ತ ಬಾಲದಾಗ ರೇಷ್ಮಿ ಎಳಿ ಜೋತುಬಿದ್ದಿದ್ರ ಅದು ಪಶ್ಮಿ ಅನ್ನೂ ಬ್ಯಾರೆ ಬಗಿ, ಅದನ್ನ ಬ್ಯಾರೆನ ಕೆತ್ರಿ.

ಓಡೋ ನಾಯಿ ಬರದ್ರ ನಾಲ್ಕೂ ಕಾಲು ಹಿಂದ ಮುಂದ ಚಾಚಿ ಗಾಳ್ಯಾಗ ಇರೂ ಹಂಗ ಬರೀಬಹುದು. ಕುದುರಿಗೆ ಹಂಗ ಬರದ್ರ ತಪ್ಪು, ಈ ನಾಯಿಗೆ ಖರೇನ ಹಂಗ ಆಗ್ತದ. ಒಂದು ನೆಗತದಾಗ ಎರಡ ಸಲ ನೆಲ ಬಿಡ್ತದ: ಒಮ್ಮೆ ಕಾಲು ಚಾಚಿದಾಗ, ಒಮ್ಮೆ ಹೊಟ್ಟಿ ಕೆಳಗ ಕೂಡಿಸಿದಾಗ.

ಇನ್ನೊಂದ. 2005ರಾಗ ಅಂಚೆ ಇಲಾಖೆ ನಾಲ್ಕು ದೇಶಿ ತಳಿ ಸ್ಟಾಂಪ್ ತಂದಿತ್ತು, ಅದರಾಗ ಮುಧೋಳದ್ದೂ ಒಂದು. ಅದರ ಮ್ಯಾಲಿನ ಚಿತ್ರ ಹಂಗ ತಗದು ಕೆತ್ತಬ್ಯಾಡ್ರಿ. ಸರ್ಕಾರದ ಕೃತಿಗೂ ಪ್ರಕಟ ಆದ ಮ್ಯಾಲ 60 ವರ್ಷ ಹಕ್ಕು ಇರ್ತದ. ಮುಧೋಳದ ಹತ್ರ ತಿಮ್ಮಾಪುರದಾಗ ನಾಯಿ ಸಂಶೋಧನಾ ಕೇಂದ್ರ ಅದ, ಮುಂಚೆ ಕೇಳಿಕೊಂಡು ಹೋಗಿ ಕಣ್ಣಾರೆ ನೋಡಿ ಸ್ಕೆಚ್ ಮಾಡಿಕೋರಿ. ಅದಕ್ಕಿಂತ ಛಲೋದು ಯಾವುದೂ ಇಲ್ಲ.

ಅಚ್ಚುಮೊಳೆ
ಲಿನೊ ಬಗ್ಗೆ ಚುಟುಕಾಗಿ. ಅಚ್ಚು ತಿರುಗುಮುರುಗಾಗಿ ಬರುತ್ತದೆ. "ಮುಧೋಳ" ಅಂತ ಅಕ್ಷರ ಕೆತ್ತುವುದಾದರೆ ಕನ್ನಡಿಯಲ್ಲಿ ಓದಿ ನೋಡಿ ಉಳಿ ಹಿಡಿಯಿರಿ. ಗಟ್ಟಿಯಾದ ಲಿನೊವನ್ನು ಹತ್ತು ನಿಮಿಷ ಬಿಸಿಲಿಗಿಟ್ಟರೆ ಬೆಣ್ಣೆಯ ಹಾಗೆ ಕೆತ್ತಬಹುದು. ಎಣ್ಣೆ ಮಸಿ ಒಣಗಲು ಒಂದು ವಾರ ಹಿಡಿದುಕೊಳ್ಳಿ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಸಂತೆಯ ಹಿಂದಿನ ವಾರ ಅಚ್ಚು ಹಾಕಿದರೆ ಗಿರಾಕಿಯ ಬೆರಳಿಗೂ ಮಸಿ, ಪಕ್ಕದ ಹಾಳೆಗೂ ಮಸಿ. ನೀರಿನ ಮಸಿ ಬೇಗ ಒಣಗುತ್ತದೆ, ಆದರೆ ಬೆವರು ಕೈ ತಾಗಿದರೆ ಹರಡುತ್ತದೆ. ಯಂತ್ರವಿಲ್ಲದಿದ್ದರೆ ತೆಳು ಕಾಗದ ತೆಗೆದುಕೊಂಡು ಸ್ಟೀಲ್ ಚಮಚದ ಬೆನ್ನಿನಿಂದ ಉಜ್ಜಿ. 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹಾಳೆಗೆ ಚಮಚದ ಒತ್ತಡ ಸಾಲದು, ಕಪ್ಪು ಬಯಲಿನಲ್ಲಿ ಬಿಳಿ ಚುಕ್ಕೆ ಉಳಿಯುತ್ತದೆ. ಸಂಖ್ಯೆ, ಸಹಿ ಎರಡೂ ಪೆನ್ಸಿಲ್‌ನಲ್ಲಿ. ಒಟ್ಟು 30 ಪ್ರತಿ ಅಂತ ಬರೆದ ಮೇಲೆ 31ನೆಯದು ಹಾಕುವ ಹಾಗಿಲ್ಲ.

ಚುಚ್ಚುಸೂಜಿ
ಉಣ್ಣೆ ನಾಯಿಯ ಕಾಲಿಗೆ ಬರೋಣ. ಸೊಟ್ಟಗಾಗಲು ಕಾರಣ ಎರಡೇ: ಒಳಗೆ ತಂತಿ ಇಲ್ಲ ಅಥವಾ ತೀರಾ ಸಣ್ಣದು, ತಿರುಳು ಗಟ್ಟಿಯಾಗುವ ಮೊದಲೇ ಮೇಲ್ಬಣ್ಣ ಹೊದಿಸಿದ್ದೀರಿ.

10 ಸೆಂಟಿಮೀಟರ್ ಎತ್ತರದ ನಿಂತ ನಾಯಿಗೆ 1.5 ಮಿಲಿಮೀಟರ್ ಅಲ್ಯುಮಿನಿಯಂ ತಂತಿ ಸಾಕು. ಮುಂಗಾಲು ಎರಡಕ್ಕೆ ಒಂದೇ ತುಂಡು, ಹಿಂಗಾಲಿಗೆ ಒಂದು, ಎರಡನ್ನೂ ಬೆನ್ನಿನ ತಂತಿಗೆ ಸುತ್ತಿ ಬಿಗಿ ಮಾಡಿ. ಕಟ್ಟಡದವರ ಬೈಂಡಿಂಗ್ ವೈರ್ ಅಗ್ಗ ಅಂತ ಹಾಕಬೇಡಿ. ಮಳೆಗಾಲದಲ್ಲಿ ತುಕ್ಕು ಹಿಡಿದು ಬಿಳಿ ನಾಯಿಯ ಕಾಲಲ್ಲಿ ಕಂದು ಕಲೆ ಏಳುತ್ತದೆ. ಪಾದದ ತುದಿಯನ್ನು ಒಳಕ್ಕೆ ಮಡಚಿ ಕುಣಿಕೆ ಮಾಡಿದರೆ ಉಣ್ಣೆ ಜಾರುವುದಿಲ್ಲ, ತಂತಿಯ ಮೊನೆ ಯಾರಿಗೂ ಚುಚ್ಚುವುದೂ ಇಲ್ಲ.

ಸೂಜಿ ಮೂರು ಬೇಕು. ಸಂಖ್ಯೆ ದೊಡ್ಡದಾದಷ್ಟು ಸೂಜಿ ಸಣ್ಣ. ತಿರುಳಿಗೆ 36, ಆಕಾರಕ್ಕೆ 38, ಮೇಲಿನ ನಯಕ್ಕೆ 40. ಹೋದ ಕೋನದಲ್ಲೇ ಹೊರಗೆ ಬರಬೇಕು. ಒಳಗಿರುವಾಗ ಪಕ್ಕಕ್ಕೆ ಎಳೆದರೆ ಪಟ್ ಅಂತ ಮುರಿದು ತುದಿ ಒಳಗೇ ಉಳಿಯುತ್ತದೆ. ಉಳಿದರೆ ಆ ನಾಯಿಯನ್ನು ಮಾರುವಂತಿಲ್ಲ. ಅಯಸ್ಕಾಂತ ಹಿಡಿದು ಹುಡುಕಿ, ಸಿಗದಿದ್ದರೆ ಬಿಚ್ಚಿ. ತಿರುಳು ಆಯಿತೋ ಇಲ್ಲವೋ ಅಂತ ನೋಡಲು ಹೆಬ್ಬೆರಳಲ್ಲಿ ಒತ್ತಿ: ಗುಳಿ ಬಿದ್ದು ಹಾಗೇ ಉಳಿದರೆ ಇನ್ನೂ ಚುಚ್ಚಬೇಕು.

ಉಣ್ಣೆ ಯಾವುದು? ಮೆರಿನೊ ತಿರುಳಿಗೆ ಆಗಿಬರುವುದಿಲ್ಲ, ಎಳೆ ತೀರಾ ನಯ, ಗಟ್ಟಿಯಾಗಲು ಗಂಟೆಗಟ್ಟಲೆ ಬೇಕು. ನಮ್ಮ ಕಂಬಳಿಯ ಡೆಕ್ಕನಿ ಕುರಿಯ ಒರಟು ಉಣ್ಣೆ ತಿರುಳಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಅದು ಹೆಚ್ಚಾಗಿ ಕಪ್ಪು. ಅದರ ಮೇಲೆ ಕೆನೆಬಣ್ಣ ಹೊದಿಸಿದರೆ ಕರಿ ಎಳೆಗಳು ಸೂಜಿಯ ಜೊತೆ ಮೇಲೆ ಬಂದು ನಾಯಿಗೆ ಗಡ್ಡ ಬಂದ ಹಾಗಾಗುತ್ತದೆ. ಕರಿ, ಕಂದು ನಾಯಿಗೆ ಮಾತ್ರ ಬಳಸಿ. ಕುರಿಗಾರರಿಂದ ಹಸಿ ಉಣ್ಣೆ ತಂದರೆ ಸೋಪಿನ ಬಿಸಿನೀರಲ್ಲಿ, ಸುಮಾರು 60 ಡಿಗ್ರಿಯಲ್ಲಿ, ಅಲುಗಾಡಿಸದೆ ಇಪ್ಪತ್ತು ನಿಮಿಷ ನೆನೆಸಿ ತೆಗೆಯಿರಿ. ಬಟ್ಟೆ ಒಗೆದ ಹಾಗೆ ಉಜ್ಜಿದರೆ ಬಕೆಟಿನಲ್ಲೇ ಕಂಬಳಿ ತಯಾರು.

"ನಮ್ಮ ನಾಯಿಯ ಕೂದಲೇ ಹಾಕಿ ಮಾಡಿಕೊಡಿ" ಅಂತ ಕೇಳುವವರು ಇದ್ದೇ ಇರುತ್ತಾರೆ. ಬಾಚಿದಾಗ ಬರುವ ಒಳಗೂದಲು ಮಾತ್ರ ಉಪಯೋಗಕ್ಕೆ ಬರುತ್ತದೆ; ಕತ್ತರಿಸಿದ ಕೂದಲು ಹಿಡಿಯುವುದೇ ಇಲ್ಲ. ತೊಳೆದು, ಒಂದು ಪಾಲು ಕೂದಲಿಗೆ ಎರಡು ಪಾಲು ಕುರಿಯುಣ್ಣೆ ಸೇರಿಸಿ ಹಿಂಜಿ, ಮೇಲ್ಪದರಕ್ಕೆ ಮಾತ್ರ. ನುಸಿಯ ಭಯವಿದ್ದರೆ ಮುಗಿದ ನಾಯಿಯನ್ನು ಜಿಪ್ ಚೀಲದಲ್ಲಿ ಹಾಕಿ ಎರಡು ವಾರ ಫ್ರೀಜರಿನಲ್ಲಿಡಿ. ಮನೆಯವರಿಗೆ ಮುಂಚೆ ಹೇಳಿಡಿ, ಐಸ್‌ಕ್ರೀಂ ಹುಡುಕಲು ಹೋದವರು ಬೆಚ್ಚಿಬೀಳಬಾರದು.

ಕಡಲತಡಿ
ಉಣ್ಣೆ ನಾಯಿಯ ಚೀಟಿಯಲ್ಲಿ ಒಂದು ಸಾಲು ಸೇರಿಸಿ ಮಾರಾಯ್ರೆ: ಮನೆಯ ನಾಯಿಗೆ ಎಟುಕದ ಕಡೆ ಇಡಿ. ಕುರಿವಾಸನೆಗೆ ಅದು ಬಂದು ಬಾಯಿ ಹಾಕಿಯೇ ಹಾಕುತ್ತದೆ. ಒಳಗೆ ತಂತಿ, ಗಾಜಿನ ಕಣ್ಣು. ನುಂಗಿದರೆ ಸೀದಾ ಪಶುವೈದ್ಯರ ಮನೆ.

ಕರಾವಳಿಯವರಿಗೆ ಮತ್ತೊಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಲವರ್ಣದ ಕಾಗದ ಬಿಡಿಯಾಗಿ ಇಡಬೇಡಿ. ತೇವಕ್ಕೆ ಕಾಗದದ ಮೇಲಿನ ಅಂಟುಪದರ ಹಾಳಾಗಿ, ಬಣ್ಣ ಇಟ್ಟಲ್ಲೇ ಹೀರಿಕೊಂಡು ಒತ್ತುಕಾಗದದ ಹಾಗೆ ಆಡುತ್ತದೆ. ಸಿಲಿಕಾ ಜೆಲ್ ಹಾಕಿ ಗಾಳಿಯಾಡದ ಡಬ್ಬಿಯಲ್ಲಿಡಿ. ಬರೆದ ಚಿತ್ರವನ್ನು ಮೂರು ನಾಲ್ಕು ದಿನ ಫ್ಯಾನಿನ ಕೆಳಗೆ ಬಿಟ್ಟು ಆಮೇಲೆ ಫ್ರೇಮು. ಚಿತ್ರ ಗಾಜಿಗೆ ತಾಗದಂತೆ ನಡುವೆ ಮೌಂಟ್ (ಚಿತ್ರದ ಸುತ್ತ ಇಡುವ ರಟ್ಟಿನ ಅಂಚು) ಇರಲೇಬೇಕು, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಬೂಷ್ಟು.

ಕೂಡುಕಳೆ
ಬೆಲೆಗೆ ಬರುತ್ತೇನೆ. ಕೆಳಗಿನ ಅಂಕಿಗಳು ಮಾದರಿಗೆ ಮಾತ್ರ, ನಿಮ್ಮ ಬಿಲ್ಲು ನೋಡಿ ಬದಲಿಸಿಕೊಳ್ಳಿ.

ಮೊದಲು ಕಾಗದ. 22×30 ಇಂಚಿನ ಪೂರ್ಣ ಶೀಟಿನಲ್ಲಿ ಎ4 ಕತ್ತರಿಸಿದರೆ, ಅಡ್ಡ ಉದ್ದ ಎರಡೂ ಜೋಡಿಸಿದರೂ ಐದೇ ತುಂಡು, ಮಿಕ್ಕದ್ದು ಚೂರು. ಅದೇ ಶೀಟನ್ನು 7.5×11 ಇಂಚಿಗೆ ಕತ್ತರಿಸಿದರೆ ಸರಿಯಾಗಿ ಎಂಟು. ಎ4 ಅನ್ನುವ ಹಟ ಬಿಟ್ಟರೆ ಕಾಗದದ ಖರ್ಚಿನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಉಳಿತಾಯ. ಮೌಂಟ್ ಹಾಕಿದ ಮೇಲೆ ಗಿರಾಕಿಗೆ ಗೊತ್ತೇ ಆಗುವುದಿಲ್ಲ.

ಒಂದು ಚಿತ್ರಕ್ಕೆ: ಕಾಗದ 100, ಬಣ್ಣ–ಕುಂಚದ ಸವೆತ 60, ಮೌಂಟ್ ಮತ್ತು ಹಿಂಬದಿಯ ರಟ್ಟು 120, ಪೆಟ್ಟಿಗೆ 90. ಒಟ್ಟು 370. ಸಮಯ: ಮಾತುಕತೆ, ಫೋಟೊ ಆಯ್ಕೆ 1 ಗಂಟೆ, ರೇಖೆ ಒಂದೂವರೆ, ಬಣ್ಣ ನಾಲ್ಕೂವರೆ, ಕಟ್ಟಿ ಕೊರಿಯರಿಗೆ ಕೊಟ್ಟು ಬರಲು 1. ಎಂಟು ಗಂಟೆ, ಗಂಟೆಗೆ 250ರಂತೆ 2,000. ಕೂಡಿದರೆ 2,370. ಹತ್ತರಲ್ಲಿ ಒಂದು ಶೀಟು ಕೆಟ್ಟೇ ಕೆಡುತ್ತದೆ, ಅದಕ್ಕೆ ಶೇ. 10 ಸೇರಿಸಿದರೆ 2,607.

ಈಗ ಎಲ್ಲರೂ ಎಡವುವ ಜಾಗ. ಮಾರುವ ತಾಣ ಶೇ. 15 ಹಿಡಿದುಕೊಳ್ಳುತ್ತದೆ ಅಂತಿಟ್ಟುಕೊಳ್ಳಿ. 2,607ಕ್ಕೆ ಶೇ. 15 ಸೇರಿಸಿದರೆ 2,998. ಆದರೆ ಅವರು ಹಿಡಿಯುವುದು ನಿಮ್ಮ ಖರ್ಚಿನ ಮೇಲಲ್ಲ, ಮಾರಿದ ಬೆಲೆಯ ಮೇಲೆ. ಹಾಗಾಗಿ 2,607ನ್ನು 0.85ರಿಂದ ಭಾಗಿಸಬೇಕು: 3,067. ಕೊರಿಯರ್ ಬೇರೆ. 1,200ಕ್ಕೆ ಕೊಟ್ಟರೆ ಖರ್ಚು ಕಳೆದು 830, ಎಂಟು ಗಂಟೆಗೆ ಹಂಚಿದರೆ ಗಂಟೆಗೆ 104 ರೂಪಾಯಿ. ಕೆಟ್ಟ ಶೀಟಿನ ಲೆಕ್ಕ ಅದರಲ್ಲಿಲ್ಲ, ತಾಣದ ಪಾಲೂ ಇಲ್ಲ.

ಎರಡು ನಾಯಿ ಒಂದೇ ಚಿತ್ರದಲ್ಲಿ ಬೇಕೆಂದರೆ ಬೆಲೆ ಒಂದೂವರೆ ಪಟ್ಟಿಗಿಂತ ಕಡಿಮೆ ಹೇಳಬೇಡಿ. ಅರ್ಧ ಮುಂಗಡ. ಪೆನ್ಸಿಲ್ ರೇಖೆ ತೋರಿಸಿ ಒಪ್ಪಿಗೆ ಪಡೆದ ಮೇಲೆ ಬಣ್ಣ. ಆಮೇಲೆ ಭಂಗಿ ಬದಲಿಸುವುದಿಲ್ಲ ಅಂತ ಮೊದಲೇ ಬರೆದು ಕಳಿಸಿ.

ಕುಂಚಪೆಟ್ಟಿಗೆ
ಭಾಗಿಸುವ ಲೆಕ್ಕ ಹೊಳೆದೇ ಇರಲಿಲ್ಲ. 3,000 ಅಂದರೆ ಸಂತೆಯಲ್ಲಿ ನಿಂತು ಕೊಳ್ಳುವವರು ಸಿಗುತ್ತಾರೆಯೇ? ಟೀ ಶರ್ಟಿನ ಪ್ರಶ್ನೆಯೂ ಬಾಕಿ ಇದೆ.

ಕೂಡುಕಳೆ
ಸಂತೆಯಲ್ಲಿ ಭಾವಚಿತ್ರ ಮಾರುವುದಲ್ಲ, ಆರ್ಡರು ಹಿಡಿಯುವುದು. ಮುಗಿದ ಚಿತ್ರ ಮೂರು, ಪ್ರತಿಯೊಂದರ ಪಕ್ಕ ಅದರ ಮೂಲ ಫೋಟೊ ತೂಗುಹಾಕಿ. ಹೋಲಿಕೆ ಕಣ್ಣೆದುರು ಕಂಡರೆ ಬೆಲೆಯ ಚೌಕಾಸಿ ತಾನಾಗಿ ಇಳಿಯುತ್ತದೆ. ಕೈಯಲ್ಲಿ ಹಿಡಿದು ಹೋಗಲು ಕಾರ್ಡು, ಲಿನೊ ಅಚ್ಚು ಇರಲಿ. ಕುಮಾರಕೃಪಾ ರಸ್ತೆಯ ಬದಿಯಲ್ಲಿ ಇಡೀ ದಿನ ಬಿಸಿಲು, ಗಾಳಿ. ಹಾಳೆಗಳ ಕೆಳ ಅಂಚಿಗೂ ಕ್ಲಿಪ್ ಬೇಕು. ಬೆಲೆ ದೊಡ್ಡದಾಗಿ ಬರೆದಿರಲಿ, ಕೇಳಲು ಸಂಕೋಚಪಟ್ಟು ಮುಂದೆ ಹೋಗುವವರೇ ಹೆಚ್ಚು. ಜನಜಂಗುಳಿಯಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಯುಪಿಐ ನಡೆಯುವುದಿಲ್ಲ, ಚಿಲ್ಲರೆ ಇಟ್ಟುಕೊಳ್ಳಿ.

ಹಕ್ಕಿನ ವಿಷಯ ಗಮನವಿಟ್ಟು ಓದಿ, ಬಹಳ ಜನ ತಲೆಕೆಳಗಾಗಿ ತಿಳಿದಿದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ (ಬಿ) ಪ್ರಕಾರ, ಯಾರಾದರೂ ಹಣ ಕೊಟ್ಟು ತಮ್ಮ ಕೋರಿಕೆಯ ಮೇಲೆ ಭಾವಚಿತ್ರ ಬರೆಸಿಕೊಂಡರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಹಕ್ಕಿನ ಮೊದಲ ಒಡೆಯರು ಬರೆಸಿಕೊಂಡವರೇ. ಚಿತ್ರ ಬರೆದವರಲ್ಲ. ಅಂದರೆ ಸುಮ್ಮನಿದ್ದರೆ ಟೀ ಶರ್ಟ್ ಮಾರುವ ಹಕ್ಕು ಗಿರಾಕಿಯದು, ನೀವೇ ಅದನ್ನು ಕಾರ್ಡಾಗಿ ಮಾರುವಂತಿಲ್ಲ. ಮುಂಗಡ ಪಡೆಯುವ ಮೊದಲು ಎರಡು ಸಾಲು ಬರೆದು ಒಪ್ಪಿಗೆ ಪಡೆಯಿರಿ: "ಚಿತ್ರ ನಿಮ್ಮದು, ಮನೆಬಳಕೆಗೆ ನಕಲು ಮಾಡಿಸಬಹುದು. ಕೃತಿಸ್ವಾಮ್ಯ ಕಲಾವಿದರದು, ವ್ಯಾಪಾರಕ್ಕೆ ಬಳಸಲು ಬೇರೆ ಒಪ್ಪಿಗೆ ಬೇಕು." ಹಾಗೆಯೇ ಅವರು ಕಳಿಸಿದ ಫೋಟೊ ಸ್ಟುಡಿಯೊದವರು ತೆಗೆದದ್ದೇ ಅಂತ ಕೇಳಿ. ಇಂಟರ್ನೆಟ್ಟಿನಲ್ಲಿ ಸಿಕ್ಕ ಫೋಟೊ ನೋಡಿ ಬರೆದು ಅಚ್ಚು ಹಾಕಿ ಮಾರುವುದಂತೂ ಬೇಡವೇ ಬೇಡ.

ಚುಚ್ಚುಸೂಜಿ
ಕಾನೂನಿನ ಮಾತು ಬಂದದ್ದಕ್ಕೆ: ಉಣ್ಣೆ ನಾಯಿಯನ್ನು ಎಲ್ಲೂ "ಆಟಿಕೆ" ಅಂತ ಬರೆಯಬೇಡಿ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೆ, ಚನ್ನಪಟ್ಟಣದ ಗೊಂಬೆಗಳಂಥ ಭೌಗೋಳಿಕ ಗುರುತಿನ ಸರಕಿಗೆ ವಿನಾಯಿತಿ ಇದೆ. ಬರೀ "ಆಟಿಕೆಯಲ್ಲ" ಅಂತ ಚೀಟಿ ಅಂಟಿಸಿ ಮಕ್ಕಳ ತೊಟ್ಟಿಲಿನ ಫೋಟೊದಲ್ಲಿಟ್ಟು ಮಾರಿದರೆ ಚೀಟಿಗೆ ಬೆಲೆ ಇಲ್ಲ. ಶೆಲ್ಫಿನ ಮೇಲೆ, ಪುಸ್ತಕದ ಪಕ್ಕ ಇಟ್ಟು ಫೋಟೊ ತೆಗೆಯಿರಿ.

ಕೂಡುಕಳೆ
ಜಿಎಸ್‌ಟಿ ಕೇಳುವ ಮೊದಲೇ ಹೇಳಿಬಿಡುತ್ತೇನೆ. ರಾಜ್ಯದೊಳಗೆ ಬರೀ ಸರಕು ಮಾರಿದರೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಬೇಕಿಲ್ಲ. ತರಗತಿ ಕಲಿಸಿ ಶುಲ್ಕ ಪಡೆದರೆ ಅದು ಸೇವೆ, ಮಿತಿ 20 ಲಕ್ಷ. ಹೊರರಾಜ್ಯಕ್ಕೆ ಸರಕು ಕಳಿಸುವುದಕ್ಕೆ ನಿಯಮ ಬೇರೆ, ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳಿಗೆ ಪ್ಯಾನ್, ಇ-ವೇ ಬಿಲ್ ಷರತ್ತಿನ ವಿನಾಯಿತಿ ಉಂಟು. ಮೊದಲ ಹೊರರಾಜ್ಯದ ಪಾರ್ಸೆಲ್‌ಗೆ ಮುಂಚೆ ಒಮ್ಮೆ ಆಡಿಟರ್ ಹತ್ತಿರ ಕೂತುಬನ್ನಿ.

ಕುಂಚಪೆಟ್ಟಿಗೆ
ಕೊನೆಯದೊಂದು. ಮೂಲ ಚಿತ್ರ ಕೊಟ್ಟುಬಿಡುವ ಮೊದಲು ಪ್ರಿಂಟಿಗೆ ಅಂತ ಸ್ಕ್ಯಾನ್ ಮಾಡಿಟ್ಟುಕೊಳ್ಳುವುದು ಎಷ್ಟು ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ)? ಮನೆಯ ಸ್ಕ್ಯಾನರಿನಲ್ಲಿ ತೆಳು ಬಣ್ಣವೆಲ್ಲ ಹಾರಿಹೋಗುತ್ತದೆ.

ಅಚ್ಚುಮೊಳೆ
600ಕ್ಕೆ ಸ್ಕ್ಯಾನ್ ಮಾಡಿ. ಎ4 ಪ್ರಿಂಟಿಗೆ 300 ಡಿಪಿಐ ಅಂದರೆ 2480×3508 ಪಿಕ್ಸೆಲ್ ಸಾಕು. 600 ಇದ್ದರೆ ನಾಳೆ ಎ3 ಕೇಳಿದರೂ ಕೊಡಬಹುದು. ತೆಳು ಬಣ್ಣ ಹಾರುವುದು ಸ್ಕ್ಯಾನರಿನ "ಆಟೊ" ಆಯ್ಕೆಯಿಂದ. ಕಾಗದದ ಹಳದಿಯನ್ನು ಬಿಳಿ ಮಾಡಲು ಹೋಗಿ ಮೊದಲ ಸುತ್ತಿನ ನೀಲಿಬೂದನ್ನೂ ನುಂಗಿಬಿಡುತ್ತದೆ. ಆಟೊ ತಿದ್ದುಪಡಿ ಪೂರ್ತಿ ಆರಿಸಿ, ಸಪ್ಪೆಯಾಗಿ ಬಂದರೂ ಹಾಗೇ ಉಳಿಸಿ. ಆಮೇಲೆ ಮೂಲ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಹಗಲು ಬೆಳಕಿನಲ್ಲಿ ಕೈಯಾರೆ ತಿದ್ದಿ. ಪ್ರಿಂಟಿನವರಿಗೆ ಒಂದೇ ಸಲ ಐವತ್ತು ಪ್ರತಿ ಹೇಳಬೇಡಿ. ಮೊದಲು ಒಂದು ತೆಗೆಸಿ, ಕರಿ ನಾಯಿಯ ಕಿವಿಯ ಅಡಿ ನೋಡಿ. ಅಲ್ಲಿ ಕಿವಿ ಯಾವುದು, ಕತ್ತು ಯಾವುದು ಅಂತ ಬೇರೆಯಾಗಿ ಕಂಡರೆ ಮುಂದಿನದಕ್ಕೆ ಹೂಂ ಅನ್ನಿ.